ಗಿರಣಿಯ ಬಾಯಿಗೊಂದು ಲಾಳಿಕೆ

ತುಂಗಭದ್ರೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ನಿರ್ವಾಣಯ್ಯ ಎಂಬ ಗುರು ಇದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರಿಗೆ ಒಬ್ಬನೇ ಶಿಷ್ಯ, ಕೊಟ್ರೇಶ. ಮಠಕ್ಕೆ ಬರುವ ಮೊದಲು ಆಚೆ ದಂಡೆಯ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ.

ಆ ಮಠದಲ್ಲಿ ದೊಡ್ಡ ಪೂಜೆ, ಪಲ್ಲಕ್ಕಿ ಏನೂ ಇರಲಿಲ್ಲ. ಇದ್ದದ್ದು ಹುಳಿ ಅಂಬಲಿ. ಜೋಳ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ತಿಕ್ಕಿ ತೆಗೆದು, ಕಾಳನ್ನು ಒಡೆದು ನುಚ್ಚು ಮಾಡಿ, ಗಂಜಿ ಕಾಯಿಸಿ, ಮಡಕೆಯಲ್ಲಿ ಹುಳಿ ಬರಲು ಬಿಡುವುದು. ಹರಿಗೋಲಿನಿಂದ ಇಳಿದವರಿಗೆಲ್ಲ ಒಂದೊಂದು ಬಟ್ಟಲು.

ಕಾಳು ಒಡೆಯುವ ಕೆಲಸ ಕೊಟ್ರೇಶನದು. ಅದಕ್ಕೊಂದು ಕೈಗಿರಣಿ ಇತ್ತು. ಎರಡು ಕಬ್ಬಿಣದ ಉರುಳೆ, ಒಂದು ಹಿಡಿಕೆ. ಗಿರಣಿಯ ಬಾಯಿ ಸಣ್ಣದು, ಒಂದು ಹಿಡಿ ಕಾಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಬಲಗೈಯಲ್ಲಿ ತಿರುಗಿಸಬೇಕು, ಎಡಗೈಯಲ್ಲಿ ಕಾಳು ಹಾಕುತ್ತಲೇ ಇರಬೇಕು.

ಅಜ್ಜಾರು ಅವನಿಗೆ ಒಂದು ಮಂತ್ರ ಕೊಟ್ಟಿದ್ದರು, ರುದ್ರಾಕ್ಷಿಯ ಜಪಮಾಲೆಯನ್ನೂ ಕೊಟ್ಟಿದ್ದರು. ಆದರೆ ಮನಸ್ಸು ನಿಲ್ಲಬೇಕಲ್ಲ? ಕಣ್ಣು ಮುಚ್ಚಿದರೆ ಗಾಳಿ ಬಿಟ್ಟ ಟ್ಯೂಬು ಕಾಣುತ್ತಿತ್ತು, ಯಾವುದೋ ಹಳೆಯ ಜಗಳ ನೆನಪಾಗುತ್ತಿತ್ತು. ನಾನು ಇದಕ್ಕೆ ಯೋಗ್ಯನೇ ಅಲ್ಲವೇನೋ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು.

ಒಂದು ದಿನ ತಡೆಯಲಾರದೆ ಅಜ್ಜಾರ ಮುಂದೆ ಬಂದು ಕುಳಿತ.

"ಅಜ್ಜಾರ, ಜಪಕ್ಕ ಕುಂತ್ರ ಗಿರಣಿ ನೆನಪಾಗ್ತೈತ್ರಿ. ಗಿರಣಿಗೆ ಕುಂತ್ರ ಜಪ ನೆನಪಾಗ್ತೈತ್ರಿ. ನಡುವ ಗಾಳಿ ಬಿಟ್ಟ ಟ್ಯೂಬು, ಹಳೇ ಜಗಳ ಬ್ಯಾರೆ ಬರ್ತಾವ್ರಿ. ನಾ ಎಲ್ಲಿ ಅದೀನಿ ಅನ್ನೋದ ತಿಳೀವಲ್ದು."

"ನಿನ್ನ ಎಡಗೈ ಎಲ್ಲೈತಿ?"

ಕೊಟ್ರೇಶ ನೋಡಿಕೊಂಡ. "ಇಲ್ಲೇ ಐತ್ರಿ."

"ಹಂಗಾರ ನೀನೂ ಅಲ್ಲೇ ಎಲ್ಲೋ ಆಸುಪಾಸು ಇರಬೇಕು. ಹುಡುಕು."

ಗುರುಗಳು ಕೆಮ್ಮಿದರೂ ಅದರಲ್ಲಿ ಗೂಢಾರ್ಥ ಹುಡುಕುವುದು ಶಿಷ್ಯರಿಗೆ ತಗಲುವ ರೋಗ. ಕೊಟ್ರೇಶನಿಗೂ ಅದು ತಗಲಿತ್ತು. ಅಜ್ಜಾರು ಎಡಗೈಯನ್ನೇ ಏಕೆ ಕೇಳಿದರು ಎಂದು ದಿನವೆಲ್ಲ ತಲೆ ಕೆಡಿಸಿಕೊಂಡ.

ಕೊನೆಗೆ ಹೊಳೆಯಿತು. ಗಿರಣಿಯ ಹತ್ತಿರ ಎಡಗೈ ಕಾಳು ಹಾಕುವುದರಲ್ಲೇ ಸಿಕ್ಕಿಕೊಂಡಿದೆ! ಅದೊಂದು ಬಿಡುವಾದರೆ ಕಾಳು ಒಡೆಯುತ್ತಲೇ ಜಪ ಮಾಡಬಹುದು. ಜಪಮಾಲೆ ಬಲಗೈಯಲ್ಲೇ ಇರಬೇಕೆಂಬುದು ನಿಯಮ. ಇರಲಿ, ಹಿಡಿಕೆಯನ್ನು ಎಡಗೈಗೆ ಕೊಟ್ಟರಾಯಿತು. ಕಾಳು ತಾನಾಗಿ ಬೀಳಲು ಗಿರಣಿಯ ಬಾಯಿಗೊಂದು ಲಾಳಿಕೆ ಬೇಕು, ಅಷ್ಟೇ.

ಎಣ್ಣೆ ಡಬ್ಬಿಯೊಂದನ್ನು ಹುಡುಕಿ ತಂದ. ತಗಡು ಕತ್ತರಿಸಿ, ನಾಲ್ಕೂ ಮಗ್ಗುಲು ಕೆಳಗೆ ಇಳಿಜಾರಾಗುವಂತೆ ಬಗ್ಗಿಸಿ, ತಳದಲ್ಲಿ ಸಣ್ಣ ಬಾಯಿ ಬಿಟ್ಟ. ಸೈಕಲ್ಲಿನ ಹಳೆಯ ಕಡ್ಡಿಗಳನ್ನು ಕಾಲಾಗಿ ನಿಲ್ಲಿಸಿದ. ಸಂದಿಗೆ ಟ್ಯೂಬಿನ ರಬ್ಬರು ಸುತ್ತಿದ. ನೋಡಿದರೆ ಪೇಟೆಯಿಂದ ತಂದದ್ದೇ ಅನ್ನಬೇಕು, ಹಾಗಿತ್ತು.

ಅಜ್ಜಾರು ಆ ದಾರಿಯಲ್ಲೇ ಹೋದರು. "ಏನೋ ಅದು?"

"ಲಾಳಿಕಿ ರೀ. ತುಂಬ ಕಾಳು ಹಾಕಿಟ್ರ ತಾನ ಬೀಳ್ತಾವ. ನಾ ಜಪ ಮಾಡ್ಕೋಂತ ತಿರುಗಸ್ತೀನಿ."

"ಹೌದಾ," ಎಂದು ಅಜ್ಜಾರು ಹೊಳೆಗೆ ಸ್ನಾನಕ್ಕೆ ಹೋದರು.

ಕೊಟ್ರೇಶ ಲಾಳಿಕೆಯ ತುಂಬ ಕಾಳು ಸುರಿದ. ಕಣ್ಣು ಮುಚ್ಚಿ, ಬಲಗೈಯಲ್ಲಿ ಮಾಲೆ ಹಿಡಿದು, ಎಡಗೈಯಿಂದ ತಿರುಗಿಸತೊಡಗಿದ. ಮೊದಮೊದಲು ಹಿಡಿಕೆ ಬಿಗಿಯಾಗಿತ್ತು. ಸ್ವಲ್ಪ ಹೊತ್ತಿಗೆ ಹೂವಿನ ಹಾಗೆ ಹಗುರಾಯಿತು. ಗುರುಕೃಪೆ ಎಂದರೆ ಇದೇ ಎಂದುಕೊಂಡು ಅವನ ಕಣ್ಣಲ್ಲಿ ನೀರು ಬಂತು.

ಜಪ ಮುಗಿಸಿ ಕಣ್ಣು ಬಿಟ್ಟ. ಅಜ್ಜಾರು ಒದ್ದೆ ಧೋತರದಲ್ಲಿ ಎದುರಿಗೇ ನಿಂತಿದ್ದರು.

"ಆತೇನು ಜಪ?"

"ಆತ್ರಿ ಅಜ್ಜಾರ. ಇವತ್ತು ಭಾಳ ಹಗೂರ ಆತು."

ಅಜ್ಜಾರು ಕೆಳಗಿನ ಬುಟ್ಟಿಯನ್ನು ಎತ್ತಿದರು. "ಹೌದು, ಭಾಳ ಹಗೂರ ಐತಿ."

ಕೊಟ್ರೇಶ ಬಗ್ಗಿ ನೋಡಿದ. ಬುಟ್ಟಿಯಲ್ಲಿ ಒಂದು ಹಿಡಿ ನುಚ್ಚು. ಮೇಲೆ ಲಾಳಿಕೆ ಇನ್ನೂ ತುಂಬಿಕೊಂಡೇ ಇತ್ತು. ಕಾಳು ಬಾಯಲ್ಲಿ ಸಿಕ್ಕಿ ನಿಂತುಬಿಟ್ಟಿತ್ತು.

"ಮತ್ತ ಇಷ್ಟೊತ್ತು ಏನು ಬೀಸಿದಿ?"

"ಏನೂ ಇಲ್ರಿ," ಎಂದ ಕೊಟ್ರೇಶ, ಸಣ್ಣ ದನಿಯಲ್ಲಿ.

"ಏನೂ ಇಲ್ಲದ್ದನ್ನ ಬೀಸೋದು ಅಂದ್ರ ದೊಡ್ಡ ಸಿದ್ಧಿ ಬಿಡು," ಎಂದು ಅಜ್ಜಾರು ಒಳಗೆ ಹೋದರು.

ಇದು ಹೊಗಳಿಕೆಯೋ ಬೈಗುಳವೋ ಕೊಟ್ರೇಶನಿಗೆ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಹೊಗಳಿಕೆ ಅನ್ನಿಸಿತು, ಎಲೆ ಎತ್ತುವಾಗ ಬೈಗುಳ ಅನ್ನಿಸಿತು.

ಮರುದಿನ ಲಾಳಿಕೆಯ ಬಾಯಿಯನ್ನು ಅಗಲ ಮಾಡಿದ. ಈಗ ಕಾಳು ದಬದಬನೆ ಇಳಿಯಿತು. ಎಷ್ಟೋ ಕಾಳು ಒಡೆಯದೆ ಇಡಿಯಾಗಿಯೇ ಆಚೆ ಬಿದ್ದವು. ಸಿಟ್ಟಿನಿಂದ ತಿರುಪು ಬಿಗಿದು ಉರುಳೆಗಳನ್ನು ಹತ್ತಿರ ತಂದ. ಆಗ ಎಲ್ಲ ನುಣ್ಣಗೆ ಹಿಟ್ಟಾಯಿತು. ಜಪಮಾಲೆ ಬಲಗೈಯಲ್ಲೇ ಇತ್ತು, ಮನಸ್ಸು ಮಾತ್ರ ತಿರುಪಿನಲ್ಲಿತ್ತು.

ಅಂಬಲಿಗೆ ನುಚ್ಚು ಬೇಕು. ಹಿಟ್ಟು ಹಾಕಿದರೆ ಅಂಟಾಗುತ್ತದೆ. ಹಾಗೇ ಆಯಿತು.

ಅದರ ಮರುದಿನ ಹರಿಗೋಲಿನಿಂದ ಬಳೆ ಮಾರುವ ಹೆಂಗಸೊಬ್ಬಳು ಇಳಿದಳು. ಬಟ್ಟಲನ್ನು ಬಾಯಿಗಿಟ್ಟು ಬಗ್ಗಿಸಿದಳು. ಏನೂ ಬರಲಿಲ್ಲ. ಬಟ್ಟಲನ್ನು ಪೂರ್ತಿ ತಲೆಕೆಳಗು ಮಾಡಿದಳು. ಆಗಲೂ ಬರಲಿಲ್ಲ.

"ಅಜ್ಜಾರ, ಇದನ್ನ ಕುಡೀಬೇಕೋ, ಗ್ವಾಡಿಗೆ ಹಚ್ಚಬೇಕೋ?"

ಹರಿಗೋಲಿನವರೆಲ್ಲ ನಕ್ಕರು. ಕೊಟ್ರೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಜ್ಜಾರು ತಮ್ಮ ಬಟ್ಟಲನ್ನು ಬೆರಳಿನಿಂದ ಬಳಿದು ಬಳಿದು ತಿಂದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವರು ತಿನ್ನುವುದನ್ನು ನೋಡಲಾರದೆ ಮುಖ ತಿರುಗಿಸಿದ.

ಎಲ್ಲರೂ ಹೋದ ಮೇಲೆ ಅವರ ಕಾಲ ಬಳಿ ಕೂತ.

"ಅಜ್ಜಾರ, ನಾ ಹೊಕ್ಕೀನ್ರಿ. ಸೈಕಲ್ ಅಂಗಡಿನ ನನಗ ಸರಿ. ಜಪ ಬರಂಗಿಲ್ಲ, ನುಚ್ಚು ಬರಂಗಿಲ್ಲ. ಜಪ ಬಿಟ್ಟು ಬರೇ ಗಿರಣಿ ತಿರುಗಸ್ಲೇನ್ರಿ? ಗಿರಣಿ ಬಿಟ್ಟು ಬರೇ ಜಪ ಮಾಡ್ಲೇನ್ರಿ? ಮಂತ್ರ ತಪ್ಪೈತೋ, ನಾ ತಪ್ಪು ಅನ್ನಾಕತ್ತೀನೋ? ನೀವು ಎಡಗೈ ಅಂದದ್ದಾದ್ರೂ ಯಾಕ? ಹೋದ್ರ ಪಾಪ ಬರ್ತೈತೇನ್ರಿ? ಇದ್ರ..."

"ಹೋಗೋದಾದ್ರ ಹೋಗು," ಎಂದರು ಅಜ್ಜಾರು. "ಲಾಳಿಕಿ ಅರ್ಧಕ್ಕ ಬಿಟ್ಟು ಹೋಗಬ್ಯಾಡ."

ಎದ್ದು ಅವನ ಜೊತೆ ಗಿರಣಿಯ ಹತ್ತಿರ ಬಂದರು.

"ತಿರುಪು ಸಡಲ ಮಾಡು. ಬಾಯಿ ಮೊದಲಿನಂಗ ಸಣ್ಣ ಮಾಡು."

ಮಾಡಿದ. ಕಾಳು ಸುರಿದ. ತಿರುಗಿಸಿದ. ನಾಲ್ಕು ಕಾಳು ಬಿದ್ದು ಮತ್ತೆ ನಿಂತಿತು.

"ಯಾಕ ನಿಂತೈತಿ?"

ಕೊಟ್ರೇಶ ಲಾಳಿಕೆಯೊಳಗೆ ಬೆರಳಾಡಿಸಿದ. "ಎಲ್ಲಾ ಕಾಳೂ ಒಮ್ಮೆಲೇ ಇಳಿಯಾಕ ನೋಡ್ತಾವ್ರಿ. ಒಂದನ್ನೊಂದು ಒತ್ತಿ ಹಿಡಕೊಂಡಾವ."

"ಯಾವ ಕಾಳಿನ ತಪ್ಪು ಅದು?"

"ಯಾವುದರದ್ದೂ ಅಲ್ರಿ."

"ಮಾಲಿ ಕೊಡು ಇಲ್ಲಿ."

ಕೊಟ್ರೇಶ ಕೊರಳಿನಿಂದ ಜಪಮಾಲೆ ತೆಗೆದ. ಹೋಗುವವನಿಂದ ವಾಪಸು ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡ.

ಅಜ್ಜಾರು ಅದನ್ನು ಗಿರಣಿಯ ಹಿಡಿಕೆಯ ತೋಳಿಗೆ ಸುತ್ತಿ ಬಿಗಿದರು. ತುದಿಯನ್ನು ಗೇಣುದ್ದ ಇಳಿಬಿಟ್ಟರು.

"ಅಜ್ಜಾರ! ಅದು ಜಪಮಾಲಿ ರೀ!"

"ಗೊತ್ತೈತಿ. ನಾನ ಕೊಟ್ಟದ್ದು."

"ಮೈಲಿಗಿ ಆಗಂಗಿಲ್ಲೇನ್ರಿ?"

"ತಿರುಗಸು."

ತಿರುಗಿಸಿದ. ಹಿಡಿಕೆ ಮೇಲೆ ಬಂದಾಗಲೆಲ್ಲ ಮಾಲೆಯ ತುದಿ ಎದ್ದು ತಗಡಿಗೆ ಬಡಿಯಿತು. ಟಕ್ ಎಂದಿತು. ಒಂದಿಷ್ಟು ಕಾಳು ಇಳಿಯಿತು. ಇನ್ನೊಂದು ಸುತ್ತು, ಇನ್ನೊಂದು ಟಕ್, ಇನ್ನೊಂದಿಷ್ಟು ಕಾಳು. ಕೆಳಗೆ ನುಚ್ಚು ಸಣ್ಣ ಗುಡ್ಡೆಯಾಗತೊಡಗಿತು.

ಅಜ್ಜಾರು ಯಾವಾಗ ಹೋದರೋ ಕೊಟ್ರೇಶನಿಗೆ ಗೊತ್ತಾಗಲಿಲ್ಲ.

ಅವನು ಸಪ್ಪಳ ಕೇಳುತ್ತಿದ್ದ. ಲಾಳಿಕೆ ತುಂಬಿದ್ದಾಗ ಸಪ್ಪಳ ಮಂದ. ಖಾಲಿಯಾಗುತ್ತ ಬಂದಂತೆ ಅದು ಕಿಣಿಕಿಣಿ ಅನ್ನುತ್ತಿತ್ತು. ಕಿಣಿಕಿಣಿ ಅಂದಾಗ ಎದ್ದು ಕಾಳು ಸುರಿದು ಬಂದು ಕೂರುತ್ತಿದ್ದ. ಬೇಗ ತಿರುಗಿಸಿದರೆ ತುದಿ ತಗಡಿಗೆ ಸರಿಯಾಗಿ ತಾಗುತ್ತಿರಲಿಲ್ಲ, ನಿಧಾನ ಮಾಡಿದರೆ ಏಳುತ್ತಲೇ ಇರಲಿಲ್ಲ. ನಡುವಿನ ಒಂದು ಗತಿ ತಾನಾಗಿ ಕೈಗೆ ಸಿಕ್ಕಿತು.

ಕಾಳಿನ ಚೀಲ ಖಾಲಿಯಾಯಿತು. ಬಿಸಿಲು ಇಳಿದಿತ್ತು. ಹಿಡಿಕೆ ಬಿಟ್ಟಾಗ ಅವನಿಗೆ ಧಸಕ್ಕೆಂದಿತು. ಇಡೀ ಹೊತ್ತಿನಲ್ಲಿ ಮಂತ್ರ ಒಂದು ಸಲವೂ ನೆನಪಾಗಿರಲಿಲ್ಲ!

ಓಡಿ ಹೋಗಿ ಅಜ್ಜಾರ ಮುಂದೆ ನಿಂತ.

"ಕೆಟ್ಟೆ ರೀ ಅಜ್ಜಾರ. ಇಷ್ಟು ದಿನ ಜಪ ಬರೇ ಕೆಡ್ತಿತ್ತು. ಇವತ್ತು ಪೂರಾ ಮರ್ತುಬಿಟ್ಟೆ."

"ಗಾಳಿ ಬಿಟ್ಟ ಟ್ಯೂಬು ಬಂದಿತ್ತೇನು?"

"ಇಲ್ರಿ."

"ಹಳೇ ಜಗಳ?"

"ಇಲ್ರಿ."

"ಮತ್ತ ಯಾರು ಬಂದಿದ್ರು?"

"ಯಾರೂ ಇಲ್ರಿ. ನಾನೂ ಇದ್ದಂಗ ಕಾಣವಲ್ದು."

"ನುಚ್ಚು ಹೆಂಗೈತಿ?"

"ನುಚ್ಚು ಚಲೋ ಐತ್ರಿ."

"ಗಂಜಿಗೆ ಎಸರಿಡು," ಎಂದರು ಅಜ್ಜಾರು.

ಗಂಜಿ ಕಾಯಿಸಿ ಮಡಕೆಗೆ ಸುರಿದ. ಆದರೂ ಅವನ ತಲೆಯೊಳಗಿನ ಗೊಂದಲ ಕರಗಲಿಲ್ಲ. ನುಚ್ಚು ಚೆನ್ನಾಗಿ ಬಂದದ್ದು ಸರಿ. ಆದರೆ ಗುರು ಕೊಟ್ಟ ಮಂತ್ರವನ್ನೇ ಮರೆತವನು ಎಂಥ ಶಿಷ್ಯ? ಮಾಲೆಯೂ ಗಿರಣಿಯ ಪಾಲಾಯಿತು. ತನ್ನ ಬಟ್ಟೆಯನ್ನು ಗಂಟು ಕಟ್ಟಿಟ್ಟ.

ಮರುದಿನ ಹೊತ್ತೇರಿದ ಮೇಲೆ ಹರಿಗೋಲು ಬಂತು. ಇಳಿದವರು ಸಾಲಾಗಿ ಕೂತರು. ಕೊಟ್ರೇಶನೇ ಎಲ್ಲರಿಗೂ ಬಡಿಸಿದ. ಯಾರೂ ನಗಲಿಲ್ಲ, ಯಾರೂ ಹೊಗಳಲೂ ಇಲ್ಲ. ಕುಡಿದರು, ಬಟ್ಟಲು ತೊಳೆದಿಟ್ಟು ತಮ್ಮ ದಾರಿ ಹಿಡಿದರು.

ಅಂಬಿಗ ಹರಿಗೋಲನ್ನು ತಿರುಗಿಸಿ ನಿಲ್ಲಿಸಿದ. ಕೊಟ್ರೇಶ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಅಜ್ಜಾರಿಗೆ ಅಡ್ಡಬಿದ್ದ.

"ಬರ್ತೀನ್ರಿ ಅಜ್ಜಾರ."

"ಅಂಬಲಿ ಕುಡದಿಯೇನು?"

"ಇಲ್ರಿ."

ಅಜ್ಜಾರೇ ಮಡಕೆಯಿಂದ ಒಂದು ಬಟ್ಟಲು ತುಂಬಿ ಕೊಟ್ಟರು. ಕೊಟ್ರೇಶ ನಿಂತೇ ಕುಡಿದ. ತಣ್ಣಗಿತ್ತು, ಹದವಾಗಿ ಹುಳಿ ಬಂದಿತ್ತು. ನುಚ್ಚು ನಾಲಿಗೆಗೆ ಸಿಕ್ಕೂ ಸಿಗದ ಹಾಗೆ ಜಾರಿತು. ಅವನಿಗೇ ತಿಳಿಯದೆ ಗಂಟನ್ನು ಕೆಳಗಿಟ್ಟು ಬಟ್ಟಲನ್ನು ಮತ್ತೆ ಚಾಚಿದ.

ಅಜ್ಜಾರು ಮತ್ತೆ ತುಂಬಿದರು. ಅದನ್ನೂ ಕುಡಿದ.

ದಂಡೆಯಿಂದ ಅಂಬಿಗ ಕೂಗಿದ. "ಬರ್ತೀಯೋ ಇಲ್ಲೋ?"

ಕೊಟ್ರೇಶ ಅತ್ತ ನೋಡಿದ, ಇತ್ತ ನೋಡಿದ. ಕಣ್ಣು ತುಂಬಿ ಬಂತು.

"ಅಜ್ಜಾರ, ಇದೊಂದು ಹೇಳ್ರಿ ಸಾಕು. ನಾ ಯೋಗ್ಯ ಹೌದೋ, ಅಲ್ಲೋ?"

ಅಜ್ಜಾರು ಅವನ ಕೈಯಿಂದ ಬಟ್ಟಲು ತೆಗೆದುಕೊಂಡು ಒಳಗೆ ಇಣುಕಿದರು.

"ಗಂಟಲದಾಗ ಇಳಿಯೋವಾಗ ಅಂಬಲಿ ನಿನ್ನ ಯೋಗ್ಯತಿ ಕೇಳಿತೇನೋ?"