ಸೊಬಗಯ್ಯ ಬಡಿಸಿದ ಪಂಕ್ತಿ

ಎಲ್ಲರೂ ಮುಂದಕ್ಕೆ ಬಂದು ಕೂತುಕೊಳ್ಳಿ. ಹಿಂದೆ ಗೋಡೆಗೆ ಒರಗಿದವರು ಅರ್ಧ ಕಥೆಗೇ ಗೊರಕೆ ಹೊಡೆಯುತ್ತೀರಿ, ಆಮೇಲೆ ಏನಾಯಿತು ಅಂತ ನನ್ನನ್ನೇ ಕೇಳುತ್ತೀರಿ. ನಾನು ಒಂದೇ ಸಲ ಹೇಳುವವಳು, ಕ್ರಮವಾಗಿ ಹೇಳುವವಳು.

ಮುತ್ತುಗದ ನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ಬೊಮ್ಮರಸ ಅಂತ ಒಬ್ಬ ರಾಜನಿದ್ದ. ರಾಜ ಒಳ್ಳೆಯವನು, ಆದರೆ ಬಹಳ ಮುದುಕ. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಮರೆತುಹೋಗುತ್ತಿತ್ತು. ಹಾಗಾಗಿ ಸಿಂಹಾಸನದ ಮೇಲೆ ರಾಜ ಕೂರುತ್ತಿದ್ದ, ರಾಜ್ಯವನ್ನು ಮಂತ್ರಿ ನಡೆಸುತ್ತಿದ್ದ.

ಆ ನಾಡಿಗೂ ಪಕ್ಕದ ಬಿದಿರ ನಾಡಿಗೂ ನಡುವೆ ಒಂದು ದಪ್ಪ ಕಲ್ಲಿನ ಗೋಡೆ. ಗೋಡೆಗೆ ಒಂದೇ ಬಾಗಿಲು. ಅದರ ಕೀಲಿ ಮಂತ್ರಿಯ ಸೊಂಟದಲ್ಲಿ. ಮಂತ್ರಿ ಸತ್ತರೆ ಬಾಗಿಲು ಮುಚ್ಚಬೇಕು, ಹೊಸ ಮಂತ್ರಿ ಬರುವವರೆಗೆ ತೆರೆಯುವಂತಿಲ್ಲ. ಇದು ಅಲ್ಲಿನ ಕಟ್ಟಳೆ.

ಮಂತ್ರಿ ಸತ್ತ. ಬಾಗಿಲು ಮುಚ್ಚಿತು.

ಊರಿನಲ್ಲಿ ಸಿರಿಯವ್ವ ಅಂತ ಒಬ್ಬ ಬಳೆಗಾರ್ತಿ ಇದ್ದಳು. ಅವಳ ಒಬ್ಬಳೇ ಮಗಳು ಹೂವಿಯನ್ನು ಬಿದಿರ ನಾಡಿಗೆ ಕೊಟ್ಟಿತ್ತು. ಹೂವಿ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ? ಸಿರಿಯವ್ವ ತೊಟ್ಟಿಲು ತೊಳೆದಿಟ್ಟಳು, ಹಳೆ ಸೀರೆ ಹರಿದು ಮೆತ್ತಗಿನ ಬಟ್ಟೆ ಮಾಡಿಟ್ಟಳು, ಬಾಣಂತಿ ಲೇಹ್ಯಕ್ಕೆ ಶುಂಠಿ ಒಣಗಿಸಿಟ್ಟಳು. ಎಲ್ಲ ಸಿದ್ಧ. ಮಗಳು ಮಾತ್ರ ಗೋಡೆಯ ಆಚೆ.

ಈಗ ಆ ನಾಡಿನಲ್ಲಿ ಮಂತ್ರಿಯನ್ನು ಆರಿಸುವುದು ಹೇಗೆ ಅಂತ ಕೇಳಿ. ಮಂತ್ರಿಯಾಗುವ ಆಸೆ ಇದ್ದವನು ಇಡೀ ಊರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಬೇಕು. ತಾನೇ ಬಡಿಸಬೇಕು. ಬಡಿಸಿ ಮುಗಿದ ಮೇಲೆ ಊರಿನವರಲ್ಲಿ ಯಾರು ಮೊದಲು ಎದ್ದು ನಿಲ್ಲುತ್ತಾರೋ ಅವರು ಒಂದು ಪ್ರಶ್ನೆ ಕೇಳಬೇಕು. ಅವನು ಎಲ್ಲರಿಗೂ ಕೇಳುವಂತೆ ಉತ್ತರ ಕೊಡಬೇಕು. ಉತ್ತರ ಬರುವವರೆಗೆ ಯಾರೂ ಅನ್ನ ಮುಟ್ಟುವಂತಿಲ್ಲ, ರಾಜನೂ ಮುಟ್ಟುವಂತಿಲ್ಲ. ಉತ್ತರ ಕೇಳಿ ಊರು ಉಂಡರೆ ಅವನೇ ಮಂತ್ರಿ.

ಎಷ್ಟು ಚೆಂದದ ಪದ್ಧತಿ! ಹಿರಿಯರು ಬುದ್ಧಿವಂತರು. ಆದರೆ ಕಿರಿಯರೂ ಬುದ್ಧಿವಂತರೇ. ಬರಬರುತ್ತಾ ಏನಾಯಿತೆಂದರೆ, ಬಡಿಸುವವನ ಭಾವಮೈದುನನೇ ಮೊದಲು ಎದ್ದು, "ಪಾಯಸಕ್ಕೆ ಬೆಲ್ಲ ಸಾಕಾ, ಭಾವಾ?" ಅಂತ ಕೇಳುವುದು ರೂಢಿಯಾಯಿತು. "ಸಾಕು" ಅಂತ ಇವನು ಹೇಳುವುದು. ಊರು ಉಣ್ಣುವುದು. ಹಿಂದಿನ ಮಂತ್ರಿಗಳೆಲ್ಲ ಬೆಲ್ಲದ ಪ್ರಶ್ನೆಯಲ್ಲಿ ಗೆದ್ದು ಬಂದವರೇ.

ಈ ಸಲ ಆಸೆ ಪಟ್ಟವನು ಸೊಬಗಯ್ಯ. ಬಿಳಿ ರುಮಾಲು, ಬಿಳಿ ಹಲ್ಲು, ಎಣ್ಣೆ ಹಚ್ಚಿದ ಹಾಗೆ ನುಣ್ಣಗಿನ ಮಾತು. ಯಾರ ಮನೆಗೆ ಹೋದರೂ ಅವರ ಮಾತನ್ನೇ ಅವರಿಗಿಂತ ಚೆನ್ನಾಗಿ ಆಡುತ್ತಿದ್ದ. ಆಡಿ ಮುಗಿಸಿ ಎಡಗಣ್ಣು ಮಿಟುಕಿಸಿ, "ಇದು ನಮ್ಮನಮ್ಮಲ್ಲೇ ಇರಲಿ" ಅನ್ನುತ್ತಿದ್ದ.

ಸಿರಿಯವ್ವ ಅವನ ಮನೆಗೆ ಹೋಗಿ ಕೈ ಮುಗಿದಳು. "ಸೊಬಗಯ್ಯನವರೇ, ನೀವು ಮಂತ್ರಿಯಾದರೆ ಬಾಗಿಲು ತೆಗೆಸ್ತೀರಾ? ನನ್ನ ಮಗಳು ಆಚೆ ಉಳಿದುಬಿಟ್ಟಿದ್ದಾಳೆ."

"ಅವ್ವಾ, ಇದೇನು ಕೇಳೋದು? ನಿಮ್ಮ ಹೂವಿ ನನ್ನ ತಂಗಿ ಅಲ್ವಾ? ಕೀಲಿ ನನ್ನ ಕೈಗೆ ಬರಲಿ, ಮೊದಲು ಬಾಗಿಲು, ಆಮೇಲೆ ನನ್ನ ಊಟ." ಎಡಗಣ್ಣು ಮಿಟುಕಿತು. "ಇದು ನಮ್ಮನಮ್ಮಲ್ಲೇ ಇರಲಿ."

ಸಿರಿಯವ್ವನ ಎದೆ ಹಗುರವಾಯಿತು. ದಾರಿಯಲ್ಲಿ ಸಿಕ್ಕ ನೆರೆಮನೆಯವಳು, "ಅದೇನೋ ನೇಕಾರರ ಬೀದೀಲಿ ಬಾಗಿಲು ತೆಗೆಯೋದೇ ಇಲ್ಲ ಅಂದನಂತೆ ಕಣೇ" ಅಂದಳು. ಸಿರಿಯವ್ವ ನಕ್ಕಳು. ಪಾಪ, ನೇಕಾರರನ್ನು ಚೆನ್ನಾಗಿ ಯಾಮಾರಿಸಿದ್ದಾನೆ, ನಿಜ ಹೇಳಿದ್ದು ನನಗೆ ಮಾತ್ರ ಅಂದುಕೊಂಡಳು.

ಈ ನಗುವನ್ನು ನೆನಪಿಟ್ಟುಕೊಳ್ಳಿ. ಕಥೆಗೆ ಬೇಕಾಗುತ್ತದೆ.

ಮರುದಿನ ಅವಳು ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ನೇಕಾರರ ಬೀದಿಗೆ ಹೋದಳು. ಮುದುಕ ನಾಗಲಿಂಗಜ್ಜ ಮಗ್ಗದ ಮುಂದೆ ಕೂತಿದ್ದ. ಅವನ ಸೊಸೆಯ ಕೈಗೆ ಬಳೆ ತೊಡಿಸುತ್ತಾ ಸಿರಿಯವ್ವ ಮಾತು ತೆಗೆದಳು.

"ಈ ಸಲ ಯಾರ ಊಟಕ್ಕಜ್ಜಾ ಹೋಗೋದು?"

"ಸೊಬಗಯ್ಯನ ಪಂಕ್ತಿಗೇ. ಬಾಗಿಲು ಶಾಶ್ವತವಾಗಿ ಮುಚ್ಚಿಸ್ತಾನೆ. ಬಿದಿರ ನಾಡಿನ ಅಗ್ಗದ ಬಟ್ಟೆ ಒಂದು ಮೊಳವೂ ಒಳಗೆ ಬರಲ್ಲ."

"ಅಯ್ಯೋ ಅಜ್ಜಾ, ನನಗೆ ತೆಗೆಸ್ತೀನಿ ಅಂದಿದ್ದಾನೆ!"

ಅಜ್ಜ ಲಾಳಿ ನಿಲ್ಲಿಸಿ ನಕ್ಕ. "ನಿನ್ನ ಸಮಾಧಾನಕ್ಕೆ ಹೇಳಿರ್ತಾನೆ ತಾಯಿ. ಪೇಟೆಯವರಿಗೂ ಹಾಗೇ ಹೇಳಿ ಕುಣಿಸ್ತಿದ್ದಾನೆ. ಚಾಲಾಕಿ ಮನುಷ್ಯ! ನಿಜ ಹೇಳಿರೋದು ನಮಗೆ ಮಾತ್ರ."

ಸಿರಿಯವ್ವನ ಕೈ ತಡೆಯಿತು. ಅಜ್ಜನ ಮುಖದ ಮೇಲಿದ್ದ ನಗು ಅವಳಿಗೆ ಗುರುತಿನದು. ನಿನ್ನೆ ಅದು ಅವಳ ಮುಖದ ಮೇಲೇ ಇತ್ತು.

ಅಲ್ಲಿಂದ ಪೇಟೆಗೆ ಹೋದಳು. ಬಸವಂತ ಶೆಟ್ಟಿ ಅಂಗಡಿಯಲ್ಲಿ ಕೂತು ಖಾಲಿ ಗಾಡಿಗಳನ್ನು ನೋಡುತ್ತಿದ್ದ. "ಸೊಬಗಯ್ಯ ಬರಲಿ, ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತೆ" ಅಂದ.

"ನೇಕಾರರಿಗೆ ಮುಚ್ಚಿಸ್ತೀನಿ ಅಂದಿದ್ದಾನೆ, ಶೆಟ್ಟರೇ."

"ಹೇಳದೆ ಇರ್ತಾನಾ? ಅವರೂ ಉಣ್ಣಬೇಕಲ್ಲ!" ಶೆಟ್ಟಿ ಹೊಟ್ಟೆ ಕುಲುಕಿಸಿ ನಕ್ಕ. "ನಿಜ ಹೇಳಿರೋದು ನಮಗೆ ಮಾತ್ರ."

ಅಲ್ಲಿಂದ ದಂಡಿನ ಬೀದಿಗೆ ಹೋದಳು. ಅಲ್ಲಿನ ಹಿರಿಯ ಕೆಂಚನಾಯಕ ಕತ್ತಿ ಮಸೆಯುತ್ತಿದ್ದ. "ತೆರೆಯೋದೂ ಇಲ್ಲ, ಮುಚ್ಚೋದೂ ಇಲ್ಲ ಕಣವ್ವಾ. ಸೊಬಗಯ್ಯ ಬಾಗಿಲನ್ನೇ ಒಡೆದು ದಂಡು ನುಗ್ಗಿಸ್ತಾನೆ. ಉಳಿದವರಿಗೆ ಹೇಳಿದ್ದೆಲ್ಲ ಬುರುಡೆ." ಮೀಸೆಯಡಿಯಲ್ಲಿ ಅದೇ ನಗು. "ನಿಜ ಹೇಳಿರೋದು ನಮಗೆ ಮಾತ್ರ."

ಬಾಗಿಲೊಂದೇ ಅಲ್ಲ. ಕೆರೆಯ ನೀರು ಮೊದಲು ಮೇಲಿನ ಗದ್ದೆಗೆ ಅಂತ ಮೇಲಿನವರಿಗೆ ಹೇಳಿದ್ದ, ಮೊದಲು ಕೆಳಗಿನ ಗದ್ದೆಗೆ ಅಂತ ಕೆಳಗಿನವರಿಗೆ ಹೇಳಿದ್ದ. ಉಪ್ಪಿನ ಸುಂಕ ತೆಗೆದುಹಾಕುತ್ತೇನೆ ಅಂತ ಊರಿಗೆ ಹೇಳಿದ್ದ. ಸುಂಕ ಏರಿಸಿ ಬೊಕ್ಕಸ ತುಂಬಿಸುತ್ತೇನೆ ಅಂತ ರಾಜನಿಗೆ ಹೇಳಿದ್ದ. ರಾಜನಿಗೆ ಬೇರೆಲ್ಲ ಮರೆತುಹೋಗುತ್ತಿತ್ತು, ಇದೊಂದು ಮರೆತಿರಲಿಲ್ಲ. ಸಿಂಹಾಸನದ ಮೇಲೆ ಕೂತು ಒಬ್ಬನೇ ನಗುತ್ತಿದ್ದ.

ಸಿರಿಯವ್ವ ಮನೆಗೆ ಬಂದು ಮಲಾರ ಇಳಿಸಿದಳು. ಸೊಬಗಯ್ಯ ಎರಡು ಮಾತಿನವನು ಅಂತ ಊರಿಗೆ ಹೇಳೋಣವೆಂದರೆ ಅದು ಊರಿಗೆ ಗೊತ್ತು! ಗೊತ್ತಿದ್ದೇ ಅವನನ್ನು ಮೆಚ್ಚಿಕೊಂಡಿದ್ದಾರೆ. ಕಳ್ಳನನ್ನು ತೋರಿಸಿದರೆ, ನಮ್ಮ ಕಳ್ಳ ಎಷ್ಟು ಜಾಣ ನೋಡು ಅನ್ನುವವರ ಮುಂದೆ ಏನು ಹೇಳುವುದು? ತೊಳೆದಿಟ್ಟ ತೊಟ್ಟಿಲನ್ನು ನೋಡುತ್ತಾ ಬಹಳ ಹೊತ್ತು ಕೂತಳು. ಅವನು ಮಂತ್ರಿಯಾದರೆ ಬಾಗಿಲಿನ ಬಗ್ಗೆ ಏನೂ ಮಾಡುವುದಿಲ್ಲ ಅಂತ ಅವಳಿಗೆ ಖಚಿತವಾಗಿತ್ತು. ಏನು ಮಾಡಿದರೂ ಯಾರಿಗಾದರೂ ಸಿಟ್ಟು ಬರುತ್ತದೆ. ಯಾರಿಗೂ ಸಿಟ್ಟು ಬರಿಸದೆ ಇರುವುದೊಂದೇ ಅವನ ಕಸುಬು.

ಪಂಕ್ತಿಯ ದಿನ ಬಂತು.

ಅರಮನೆಯ ಅಂಗಳದಲ್ಲಿ ಬಾಳೆಲೆ ಹಾಸಿದರು. ನೇಕಾರರು ಕೂತರು, ಪೇಟೆಯವರು ಕೂತರು, ದಂಡಿನವರು ಕೂತರು, ಗದ್ದೆಯವರು ಕೂತರು. ತುದಿಯಲ್ಲಿ ರಾಜ. ಸೊಬಗಯ್ಯ ಸೊಂಟಕ್ಕೆ ವಲ್ಲಿ ಬಿಗಿದು ಬಡಿಸಿದ. ಕೋಸಂಬರಿ, ಪಲ್ಯ, ಪಾಯಸ, ಬಿಸಿ ಅನ್ನ, ಘಮಘಮ ಹುಳಿ, ಮೇಲೆ ತುಪ್ಪ. ಬಡಿಸುತ್ತಾ ಒಂದೊಂದು ಎಲೆಯ ಮುಂದೆಯೂ ಬಗ್ಗಿ ಎಡಗಣ್ಣು ಮಿಟುಕಿಸಿದ.

ಬಡಿಸಿ ಮುಗಿಯಿತು. ಸೊಬಗಯ್ಯ ಭಾವಮೈದುನನ ಕಡೆ ನೋಡಿದ. ಭಾವಮೈದುನ ದಪ್ಪನೆಯ ಆಳು. ಚಕ್ಕಂಬಕ್ಕಳ ಹಾಕಿ ಕೂತು ಕಾಲು ಜೋಮು ಹಿಡಿದಿತ್ತು. ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು, "ಪಾಯಸಕ್ಕೆ..." ಅಂತ ಅರ್ಧ ಏಳುವಷ್ಟರಲ್ಲಿ ಸಿರಿಯವ್ವ ಎದ್ದು ನಿಂತಾಗಿತ್ತು.

"ಮೊದಲು ಎದ್ದವಳು ನಾನು, ಮಹಾಸ್ವಾಮಿ."

"ಕೇಳವ್ವಾ, ಬೇಗ ಕೇಳು. ತುಪ್ಪ ಹೆಪ್ಪುಗಟ್ಟುತ್ತೆ" ಅಂದ ರಾಜ.

ಸಿರಿಯವ್ವ ಸೊಬಗಯ್ಯನನ್ನು ಬೈಯಲಿಲ್ಲ, ಬಾಯಿ ತುಂಬ ಹೊಗಳಿದಳು. "ಸೊಬಗಯ್ಯನವರೇ, ನಿಮ್ಮಂಥ ಜಾಣರನ್ನು ಈ ನಾಡು ಕಂಡಿಲ್ಲ. ಬೀದಿಬೀದೀಲಿ ಕೇಳಿಕೊಂಡು ಬಂದೆ. ಊರಿಗೆಲ್ಲ ಬುರುಡೆ ಬಿಟ್ಟು, ನಿಜಾನ ನಮಗೊಬ್ಬರಿಗೇ ಹೇಳಿದ್ದಾರೆ ಅಂತ ಎಲ್ಲರಿಗೂ ಖುಷಿಯೋ ಖುಷಿ. ಈಗ ನೀವು ಗೆದ್ದ ಹಾಗೇ, ಇನ್ನು ಮುಚ್ಚುಮರೆ ಯಾಕೆ? ಬುರುಡೆಗೆ ಬಿದ್ದವರು ಯಾರು ಅಂತ ಬೆರಳು ಮಾಡಿ ತೋರಿಸಿಬಿಡಿ. ನಾವು ನಕ್ಕು ಊಟ ಮಾಡ್ತೀವಿ."

ಅಂಗಳದಲ್ಲಿ ನಗೆ ಎದ್ದಿತು. ನೇಕಾರರು ಪೇಟೆಯವರನ್ನು ನೋಡಿ ನಕ್ಕರು. ಪೇಟೆಯವರು ದಂಡಿನವರನ್ನು ನೋಡಿ ನಕ್ಕರು. ದಂಡಿನವರು ಇಬ್ಬರನ್ನೂ ನೋಡಿ ನಕ್ಕರು.

ಸೊಬಗಯ್ಯನೂ ನಕ್ಕ. "ಅವ್ವಾ, ನಾನು ಯಾರಿಗೂ ಸುಳ್ಳು ಹೇಳಿದವನಲ್ಲ."

"ಹಾಗಾದರೆ ಹೇಳಿದ್ದೆಲ್ಲ ನಿಜ. ನಾಳೆಯಿಂದ ಬಾಗಿಲು ಮುಚ್ಚಿರುತ್ತೆ, ತೆರೆದಿರುತ್ತೆ, ಮುರಿದೂ ಬಿದ್ದಿರುತ್ತೆ. ಬಡಗಿಯನ್ನು ಗೊತ್ತು ಮಾಡಿದ್ದೀರಾ?"

ಸೊಬಗಯ್ಯ ನೇಕಾರರ ಕಡೆ ತಿರುಗಿ ಮೆಲ್ಲಗೆ ಎಡಗಣ್ಣು ಮಿಟುಕಿಸಿದ. ಬೀದಿಯಲ್ಲಾದರೆ ಅಷ್ಟು ಸಾಕಿತ್ತು. ಆದರೆ ಇಲ್ಲಿ ಊರೆಲ್ಲ ಅವನ ಮುಖವನ್ನೇ ನೋಡುತ್ತಿತ್ತು.

"ಅದೇನಯ್ಯಾ ಅವರ ಕಡೆ ಕಣ್ಣು?" ಅಂದ ಕೆಂಚನಾಯಕ.

"ಹುಳ ಬಿತ್ತು" ಅಂದ ಸೊಬಗಯ್ಯ.

"ಮೊನ್ನೆ ನಮ್ಮ ಬೀದೀಲೂ ಬಿದ್ದಿತ್ತು" ಅಂದ ಶೆಟ್ಟಿ. ಅವನ ನಗು ಸ್ವಲ್ಪ ಇಳಿದಿತ್ತು.

"ಬೆರಳು, ಸೊಬಗಯ್ಯನವರೇ" ಅಂದಳು ಸಿರಿಯವ್ವ.

ಬೇರೆ ದಾರಿಯಿಲ್ಲದೆ ಸೊಬಗಯ್ಯ ಬೆರಳು ಎತ್ತಿದ. ಬೆರಳು ನೇಕಾರರ ಕಡೆ ಹೋಯಿತು. ನಾಗಲಿಂಗಜ್ಜನ ಹುಬ್ಬು ಗಂಟಾಯಿತು. ಬೆರಳು ಪೇಟೆಯ ಕಡೆ ಜಾರಿತು. ಊಟದ ಅಕ್ಕಿಯನ್ನು ಸಾಲ ಕೊಟ್ಟ ಶೆಟ್ಟಿ ಗಂಟಲು ಸರಿಮಾಡಿಕೊಂಡ. ಬೆರಳು ದಂಡಿನ ಕಡೆ ತಿರುಗಿತು. ಕೆಂಚನಾಯಕನ ಕೈ ಮೀಸೆಗೆ ಹೋಯಿತು. ಬೆರಳು ಗಡಬಡಿಸಿ ಮುಂದೆ ಓಡಿ, ಪಂಕ್ತಿಯ ತುದಿ ಮುಟ್ಟಿ ನಿಂತಿತು. ತುದಿಯಲ್ಲಿ ಕೂತಿದ್ದವನು ರಾಜ.

"ನನಗೂ?" ಅಂದ ರಾಜ. "ಉಪ್ಪಿನ ಸುಂಕ ಏರಿಸ್ತೀನಿ ಅಂದೆಯಲ್ಲೋ!"

"ತೆಗೀತೀನಿ ಅಂದಿದ್ದ!" ಅಂತ ಇಡೀ ಅಂಗಳ ಕೂಗಿತು.

ಆಮೇಲೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ತಮ್ಮ ತುಟಿಯ ಮೇಲಿದ್ದ ನಗುವೇ ಎದುರಿನವರ ತುಟಿಯ ಮೇಲೂ ಅರ್ಧ ಉಳಿದಿತ್ತು. ತಾವು ಯಾರನ್ನು ನೋಡಿ ಪಾಪ ಅಂದುಕೊಂಡಿದ್ದರೋ ಅವರೂ ತಮ್ಮನ್ನು ನೋಡಿ ಪಾಪ ಅಂದುಕೊಂಡಿದ್ದರು. ನಗು ಒಂದೊಂದಾಗಿ ಆರಿತು. ಅನ್ನವೂ ಆರುತ್ತಿತ್ತು.

ಯಾರ ಮಾತನ್ನು ಆಡಬೇಕೆಂದು ಸೊಬಗಯ್ಯನಿಗೆ ತಿಳಿಯಲಿಲ್ಲ. ತನ್ನದೇ ಒಂದು ಮಾತು ಆಡೋಣವೆಂದರೆ, ಪಾಪ, ಅವನ ಬಳಿ ಅದು ಇರಲಿಲ್ಲ.

ಉತ್ತರವಿಲ್ಲದೆ ಊಟವಿಲ್ಲ. ಮಕ್ಕಳು ಅಳತೊಡಗಿದವು. ಕೊನೆಗೆ ನಾಗಲಿಂಗಜ್ಜನೇ ಹೇಳಿದ, "ಇವನು ಹೇಳಲ್ಲ. ನಾವೇ ಹೇಳಿಕೊಳ್ಳೋಣ. ಶೆಟ್ಟೀ, ನನಗೆ ಬಾಗಿಲಿನ ಮೇಲೆ ಸಿಟ್ಟಿಲ್ಲಯ್ಯ, ಆ ಅಗ್ಗದ ಬಟ್ಟೆ ಮೇಲೆ."

"ನನಗೆ ಬಟ್ಟೆ ಬೇಡವೇ ಬೇಡ ಅಜ್ಜಾ. ನನಗೆ ಎಳ್ಳು, ಬೆಲ್ಲ ಬರಬೇಕು" ಅಂದ ಶೆಟ್ಟಿ.

ಎಲ್ಲರೂ ಕೆಂಚನಾಯಕನ ಕಡೆ ನೋಡಿದರು. ಅವನು ಎಲೆ ನೋಡುತ್ತಾ ಗೊಣಗಿದ. "ಯುದ್ಧ ಆದರೆ ಮೊದಲು ಹೋಗೋನು ನನ್ನ ಮಗ. ನಮಗೂ ಅದು ಬೇಕಾಗಿಲ್ಲ. ಕೆಲಸ ಇಲ್ಲದೆ ಕೂತಿದ್ದೀವಿ, ಗಾಡಿ ಕಾಯೋ ಕೆಲಸ ಕೊಟ್ಟರೆ ಕಾಯ್ತೀವಿ."

ಅಲ್ಲೇ ತೀರ್ಮಾನವಾಯಿತು. ಮಂತ್ರಿಯಿಲ್ಲದೆ ಬಾಗಿಲು ತೆರೆಯಬಾರದೆಂಬ ಕಟ್ಟಳೆಯನ್ನು ರಾಜ ತೆಗೆದುಹಾಕಿದ. ಬಾಗಿಲು ಬೆಳಗ್ಗೆ ತೆರೆಯಬೇಕು, ಸಂಜೆ ಮುಚ್ಚಬೇಕು. ಎಳ್ಳು ಬೆಲ್ಲಕ್ಕೆ ತಡೆಯಿಲ್ಲ, ಬಟ್ಟೆಗೆ ಸುಂಕ. ಗಾಡಿಗೆ ದಂಡಿನವರ ಕಾವಲು. ತವರಿಗೆ ಬರುವ ಬಸುರಿಯನ್ನು ಯಾರೂ ಏನೂ ಕೇಳುವಂತಿಲ್ಲ. ಹೊಸ ಮಂತ್ರಿ ಸಿಗುವವರೆಗೆ ಕೀಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಚಾವಡಿಯ ಕಂಬಕ್ಕೆ ತೂಗುಹಾಕಿದರು. ಕೆರೆಯ ನೀರು, ಉಪ್ಪಿನ ಸುಂಕದ ಜಗಳ ಮುಗಿಯಲಿಲ್ಲ. ಆದರೆ ಇನ್ನು ಮೇಲೆ ಎದುರೆದುರೇ ಜಗಳವಾಡಬೇಕು ಅಂತ ಒಪ್ಪಿಕೊಂಡರು. ಆಮೇಲೆ ಊರು ಆರಿದ ಅನ್ನವನ್ನೇ ಉಂಡಿತು. ಪಾಯಸಕ್ಕೆ ಬೆಲ್ಲ ಸಾಲದಾಗಿತ್ತು.

ಸೊಬಗಯ್ಯನಿಗೆ ಏನು ಶಿಕ್ಷೆ? ಕೆಲವರು ಗಡೀಪಾರು ಅಂದರು. ಸಿರಿಯವ್ವ ಬೇಡವೆಂದಳು. "ಮಹಾಸ್ವಾಮಿ, ಅವರನ್ನು ಗಡಿಯ ಬಾಗಿಲಿಗೇ ನಿಲ್ಲಿಸಿ. ಬೆಳಗ್ಗೆ 'ತೆರೆದಿದೆ' ಅನ್ನಲಿ, ಸಂಜೆ 'ಮುಚ್ಚಿದೆ' ಅನ್ನಲಿ. ಗೋಡೆಯ ಈಚೆಗೂ ಆಚೆಗೂ ಕೇಳೋ ಹಾಗೆ ಅನ್ನಲಿ." ರಾಜ ಒಪ್ಪಿದ.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಸಿರಿಯವ್ವ ಬಾಗಿಲಿಗೆ ಬಂದಳು. ಮಲಾರದಲ್ಲಿ ಬರೀ ಹಸಿರು ಬಳೆ. "ಬಾಗಿಲು ತೆರೆದಿದೆಯಾ, ಸೊಬಗಯ್ಯನವರೇ?"

ಸೊಬಗಯ್ಯ ಅಭ್ಯಾಸಬಲದಿಂದ ಅವಳ ಕಿವಿಯ ಹತ್ತಿರ ಬಗ್ಗಿದ. ಎಡಗಣ್ಣು ಅರ್ಧ ಮುಚ್ಚಿತು.

"ಕಿವಿಯಲ್ಲಿ ಬೇಡಪ್ಪಾ" ಅಂದಳು ಸಿರಿಯವ್ವ. "ಗಟ್ಟಿಯಾಗಿ ಹೇಳಿ. ಆಚೆ ನನ್ನ ಮಗಳು ಕಾಯ್ತಿದ್ದಾಳೆ."

"ತೆರೆದಿದೆ!" ಅಂತ ಕೂಗಿದ ಸೊಬಗಯ್ಯ. ಅವನು ಎಲ್ಲರಿಗೂ ಕೇಳುವಂತೆ ಆಡಿದ ಮೊದಲನೆಯ ನಿಜವಾದ ಮಾತು ಅದು.

ಬಾಗಿಲು ಕಿರುಗುಟ್ಟಿತು. ಆಚೆಯಿಂದ ಹೂವಿಯ ದನಿ ಬಂತು. "ಅವ್ವಾ, ನಿಧಾನ, ಓಡಬೇಡ. ನಾನೇ ಬರ್ತಿದ್ದೀನಿ."

ನೀತಿ ಏನು ಅಂದರೆ, ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳುವವನು ಮೋಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿಗೆಲ್ಲ ಮೋಸ ಮಾಡುವವನು ನನಗೊಬ್ಬನಿಗೆ ನಿಜ ಹೇಳುತ್ತಾನೆ ಅಂತ ನಕ್ಕವನು ಎಲ್ಲರಿಗಿಂತ ಮೊದಲು ಮೋಸಹೋದವನು. ನಾಡಿನ ಮಾತನ್ನು ನಾಡಿನ ಎದುರೇ ಕೇಳಿ, ಎಲ್ಲರೂ ಕೂತಿರುವಾಗಲೇ ಕೇಳಿ.

ಇಷ್ಟಾದರೂ ನೇಕಾರರ ಬೀದಿಯಲ್ಲಿ ಬಹಳ ಕಾಲ ಒಂದು ಮಾತು ಓಡಾಡುತ್ತಿತ್ತು. ಏನೇ ಅನ್ನಿ, ಸೊಬಗಯ್ಯ ನಿಜ ಹೇಳಿದ್ದು ನಮಗೇ, ಅಂತ. ಪೇಟೆಯಲ್ಲೂ ಅದೇ ಮಾತು. ದಂಡಿನ ಬೀದಿಯಲ್ಲೂ ಅದೇ.