ಪೊರೆ ಅಂದ್ರ ಏನು?

ಅಡಿವೆಯ್ಯ ಶಿಷ್ಯನಾಗಿ ಹೊಳೆದಂಡೆಯ ಮಠಕ್ಕೆ ಬರುವ ಹೊತ್ತಿಗಾಗಲೇ ಗುರುಪಾದಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ನಾಲ್ಕು ವರ್ಷ ಅವನೇ ಅಜ್ಜನನ್ನು ಕೈಹಿಡಿದು ನಡೆಸಿದ. ಅನ್ನ ಕಲಸಿ ಕೊಟ್ಟ. ಶಬ್ದಕೋಶ ಓದಿ ಹೇಳಿದ. ಶಬ್ದ ಅಂದರೆ ಅಜ್ಜನಿಗೆ ಊಟಕ್ಕಿಂತ ಹೆಚ್ಚು.

ಒಂದು ಮುಂಜಾನೆ ಕಣ್ಣಿನ ಡಾಕ್ಟರು ಬಂದರು. ಅಡಿವೆಯ್ಯ ಅವರನ್ನು ಬಾಗಿಲಲ್ಲೇ ತಡೆದ.

"ಅಜ್ಜಾರಿಗೆ ಆಪರೇಶನ್ ಬ್ಯಾಡಂತ್ರಿ."

ಅಜ್ಜ ಹಾಗೆ ಅಂದಿರಲಿಲ್ಲ. ಇವನು ಕೇಳಿಯೇ ಇರಲಿಲ್ಲ. ಸಂಜೆ ಇದೇ ದಾರಿಯಲ್ಲಿ ಮರಳುತ್ತೇನೆ ಎಂದು ಹೇಳಿ ಡಾಕ್ಟರು ಮುಂದಿನ ಊರಿಗೆ ಹೋದರು.

ಮಧ್ಯಾಹ್ನ ಅಂಗಳದಲ್ಲಿ ಕೂತಿದ್ದಾಗ ಅಜ್ಜ ಕೇಳಿದರು: "ಅಡಿವೆಯ್ಯಾ, ಪೊರೆ ಅಂದ್ರ ಏನೋ?"

"ಕಣ್ಣಿನ ದೋಷರಿ ಅಜ್ಜಾರ. ನೋಟ ಮುಚ್ಚೋ ತೆಳ್ಳನ ಪದರ."

"ದಿನಾ ಮುಂಜಾನೆ 'ಪೊರೆಯೋ ತಂದೆ' ಅಂತ ಹಾಡ್ತಿಯಲ್ಲ. ಕಣ್ಣು ಮುಚ್ಚಪಾ ಅಂತ ಬೇಡ್ತಿಯೇನು?"

ಅಡಿವೆಯ್ಯ ನಕ್ಕ. "ಅದು ಬ್ಯಾರೆರಿ. ಕಾಪಾಡು, ಸಲಹು ಅಂತ."

"ಬ್ಯಾರೆ ಅಂತ ಯಾರು ಹೇಳಿದ್ರು?"

"ಕೋಶದಾಗ ಬ್ಯಾರೆ ಬ್ಯಾರೆ ಕೊಟ್ಟಾರ್ರಿ."

"ಕೋಶ ಅತ್ತಾಗ ಇಡು. ಬೇಲ್ಯಾಗ ಹಾವು ಪೊರೆ ಬಿಟ್ಟೈತಿ ಅಂತ ನಿನ್ನೆ ನೀನೇ ಅಂದಿ. ಅದನ್ನ ತಗೊಂಡು ಬಾ."

ತಂದ. ಅಜ್ಜ ಅದರುದ್ದಕ್ಕೂ ಬೆರಳಾಡಿಸಿ ತಲೆಯ ಹತ್ತಿರ ನಿಲ್ಲಿಸಿದರು.

"ಇಲ್ಲಿ ಏನೈತಿ ನೋಡು."

ಅಡಿವೆಯ್ಯ ಬೆಳಕಿಗೆ ಹಿಡಿದ. ಸಾಸಿವೆ ಕಾಳಿನಷ್ಟು ಎರಡು ಗುಂಡನೆಯ ಗುರುತು ಕಂಡವು.

"ಕಣ್ಣಿನ ಮ್ಯಾಲಿನ ಪೊರೆನೂ ಇದರ ಜೋಡಿನೇ ಬಂದೈತ್ರಿ!"

"ಇದು ಹಾವನ್ನ ಪೊರೀತಿತ್ತೋ ಇಲ್ಲೋ?"

"ಪೊರೀತಿತ್ರಿ. ಕಲ್ಲು, ಮುಳ್ಳು ತಾಗದಂಗ."

"ಮತ್ತ ಬಿಟ್ಟದ್ದು ಯಾಕ?"

"ಹಳೇದಾತು. ಮಬ್ಬಾತು. ಹಾವಿಗೆ ಕಣ್ಣು ಕಾಣದಂಗ..."

ಅಡಿವೆಯ್ಯನ ಮಾತು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಪೊರೆಯನ್ನು ಅಜ್ಜನ ಮುಂದೆ ಇಟ್ಟ.

"ಅಜ್ಜಾರ, ಮುಂಜಾನೆ ಕಣ್ಣಿನ ಡಾಕ್ಟರು ಬಂದಿದ್ರು."

"ಗೊತ್ತೈತಿ. ನನಗ ಕಣ್ಣು ಕಾಣಂಗಿಲ್ಲ, ಕಿವಿ ಕೇಳ್ತಾವು."

"ಸುಳ್ಳು ಹೇಳಿ ಕಳಿಸಿದೆ. ನಿಮಗ ಕಣ್ಣು ಬಂದ್ರ... ಆಮ್ಯಾಲೆ ನಾ ಯಾಕ ಬೇಕ್ರಿ ನಿಮಗ?"

ಹೇಳಿ ಅತ್ತುಬಿಟ್ಟ. ನಾಚಿಕೆಗೂ ಅತ್ತ, ಹೆದರಿಕೆಗೂ ಅತ್ತ.

ಕೊನೆಗೆ ಅವನೇ ಕಣ್ಣೊರೆಸಿಕೊಂಡು ಎದ್ದ. "ಡಾಕ್ಟರನ್ನ ಕರ್ಕೊಂಡು ಬರ್ತೀನ್ರಿ. ಮೊದಲ ನಿಮ್ಮನ್ನ ಒಳಗ ಕುಂಡ್ರಸ್ತೀನಿ, ಬಿಸಿಲೈತಿ."

ಕೈ ನೀಡಿದ. ಅಜ್ಜ ಆ ಕೈ ಹಿಡಿಯಲಿಲ್ಲ. ತಡವರಿಸುತ್ತ ಅವನ ಕೆನ್ನೆ ಮುಟ್ಟಿದರು, ಹುಬ್ಬು ಮುಟ್ಟಿದರು.

"ಬಿಸಿಲು ಇರಲಿ, ಲಗೂನ ಹೋಗು. ನಾಕು ವರ್ಷ ನನ್ನ ಪೊರೆದವನ ಮುಖ ನಾ ಇನ್ನೂ ನೋಡಿಲ್ಲ."