ಮತ್ತಿಮರದ ಕೆಳಗಿನ ಕಲ್ಲು

ಹಳ್ಳದ ಆಚೆ ದೇವರಕಾಡು. ಈಚೆ ಅಜ್ಜಯ್ಯನ ಗುಡಿಸಲು. ಕೇಳಿದವರಿಗೆ ನಾಲ್ಕು ಮಾತು ಹೇಳುವ ಗುರು ಅವರು.

ಕಾಡಿಗೆ ಬೇಲಿ ಇಲ್ಲ. ದಾರಿ ಶುರುವಾಗುವ ಕಡೆ ಒಂದು ಗಡಿಕಲ್ಲು ಇದೆ, ಅಷ್ಟೆ. ಯಾರು ಬೇಕಾದರೂ ಒಳಗೆ ಹೋಗಬಹುದು. ಬರುವಾಗ ಒಣಕಡ್ಡಿಯನ್ನೂ ತರುವ ಹಾಗಿಲ್ಲ. ಗಡಿಕಲ್ಲಿನ ಮೇಲೆ ಎರಡೂ ಅಂಗೈ ಊರಿ, ಕಾಡಿಗೆ ‘ಹೋಗಿ ಬರ್ತೀನಿ’ ಅಂತ ಹೇಳಿ ಬರಬೇಕು.

ಹಾಲಪ್ಪ ಅಜ್ಜಯ್ಯನ ಶಿಷ್ಯ. ಆರು ವರ್ಷದವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ಕಾಡು ನೋಡಿದ. ಮದುವೆಯಾದ ಮೇಲೆ ಹೆಂಡತಿ ಕೊಟ್ರಮ್ಮನನ್ನೂ ಕರೆತಂದ.

ಸೋಮವಾರ ಬಂತೆಂದರೆ ಇಬ್ಬರೂ ಬರೋರು. ದೊಡ್ಡ ಮತ್ತಿಮರದ ತನಕ ನಡೆಯೋರು. ಅದರ ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ಕೊಟ್ರಮ್ಮ ಕೂರೋಳು. ಹಾಲಪ್ಪ ನೆಲದ ಮೇಲೆ.

ಹೀಗೆ ಮೂವತ್ತೊಂಬತ್ತು ವರ್ಷ.

ಕಾರ್ತಿಕದಲ್ಲಿ ಕೊಟ್ರಮ್ಮ ತೀರಿಕೊಂಡಳು.

ಮಾಘದ ಒಂದು ಸೋಮವಾರ ಹಾಲಪ್ಪ ಒಬ್ಬನೇ ಬಂದ.

“ಬಾರಪ್ಪ. ಉಂಡ್ಯಾ?” ಅಂದರು ಅಜ್ಜಯ್ಯ.

“ಉಂಡೆ ಅಜ್ಜಯ್ಯ.”

“ಏನುಂಡೆ?”

ಹಾಲಪ್ಪ ಹಳ್ಳದ ಕಡೆ ನೋಡಿದ.

“ಗಡಿಗೆಯಲ್ಲಿ ಅಂಬಲಿ ಇದೆ. ಕುಡಿ. ಆಮೇಲೆ ಮಾತು.”

ಕುಡಿದ. ಬಾಯಿ ಒರೆಸಿಕೊಂಡ.

“ಒಂದು ಕೇಳ್ತೀನಿ. ಇಲ್ಲ ಅನ್ನಬಾರದು.”

“ಕೇಳೋದು ನಿನ್ನ ಕೆಲಸ. ಇಲ್ಲ ಅನ್ನೋದು ನನ್ನದು. ಕೇಳು.”

“ನಮ್ಮಾಕೆ ಕೂರ್ತಿದ್ದ ಕಲ್ಲು ನನಗೆ ಬೇಕು. ಮನೆ ಜಗಲಿ ಮೇಲೆ ಇಟ್ಕೋತೀನಿ. ಇನ್ನು ಈ ಕಾಡಿಗೆ ನಾನು ಬರಲ್ಲ.”

“ಕಾಡೇನು ಮಾಡ್ತೋ ನಿನಗೆ?”

“ಏನೂ ಮಾಡಿಲ್ಲ. ಅವಳು ಇಲ್ಲದಿದ್ದರೂ ಹಂಗೇ ಇದೆ. ಅದೇ ತಡೆಯೋಕಾಗಲ್ಲ.”

“ಕಟ್ಟಳೆ ಗೊತ್ತಲ್ಲ?”

“ಗೊತ್ತು. ಐವತ್ತೈದು ವರ್ಷದಲ್ಲಿ ಒಂದು ಎಲೆ ಒಯ್ದಿಲ್ಲ.”

ಅಜ್ಜಯ್ಯ ಕೋಲು ಊರಿ ಎದ್ದರು.

“ಹೊತ್ಕೋ. ಆದರೆ ಹೇಳದೆ ಹೋಗಬೇಡ. ಗಡಿಕಲ್ಲಲ್ಲಿ ಕಾಡಿಗೆ ಹೇಳಿ ಹೋಗು.”

ಇಬ್ಬರೂ ಹಳ್ಳ ದಾಟಿ ಮತ್ತಿಮರದ ಹತ್ತಿರ ಹೋದರು. ಹಾಲಪ್ಪ ಕಲ್ಲಿನ ಸುತ್ತ ಬೆರಳಿಂದ ಮಣ್ಣು ಕೆದಕಿದ. ಅಲ್ಲಾಡಿಸಿ ಎತ್ತಿದ. ಕೆಳಗೆ ಬಿಳಿ ಬೇರು, ಇರುವೆ, ತೇವದ ಕುಳಿ. ಅದನ್ನು ನೋಡದ ಹಾಗೆ ತಿರುಗಿ ನಡೆದ.

ಕಲ್ಲು ಭಾರ ಇತ್ತು. ಎದೆಗೆ ಒತ್ತಿ ಹಿಡಿದಿದ್ದ.

“ಯಾವತ್ತಾದರೂ ಅವಳನ್ನ ಹಿಂಗೆ ಹೊತ್ತಿದ್ಯಾ?” ಅಂದರು ಅಜ್ಜಯ್ಯ, ಹಿಂದಿನಿಂದ.

“ಒಂದು ಸಲ. ಹಳ್ಳ ತುಂಬಿ ಬಂದಿತ್ತು.”

“ಏನಂದಳು?”

“‘ನೀವು ಬಿದ್ದರೆ ಬೀಳಿ, ನನ್ನ ಸೀರೆ ನೆನೀಬಾರದು’ ಅಂದಳು.”

ಅಜ್ಜಯ್ಯ ನಕ್ಕರು. ಹಾಲಪ್ಪ ನಗಲಿಲ್ಲ.

ಗಡಿಕಲ್ಲು ಬಂತು.

“ಹೇಳು.”

“ಕೈ ಬಿಡುವಿಲ್ಲ ಅಜ್ಜಯ್ಯ. ಬಾಯಲ್ಲಿ ಹೇಳಿದರೆ ಸಾಲದಾ?”

“ಕೊಟ್ರಮ್ಮ ಬರೀ ಬಾಯಲ್ಲಿ ಹೇಳ್ತಿದ್ದಳಾ?”

“ಇಲ್ಲ. ಎರಡೂ ಕೈ ಊರೋಳು. ಬಳೆ ಸದ್ದು ಕೇಳೋದು.”

ಹಾಲಪ್ಪ ಕಲ್ಲನ್ನು ಕೆಳಗಿಟ್ಟ. ಅಂಗೈ ಮಣ್ಣು ಪಂಚೆಗೆ ಒರೆಸಿಕೊಂಡ. ಗಡಿಕಲ್ಲಿನ ಮೇಲೆ ಊರಿದ.

“ಹೋಗಿ...” ಅಂದ. ನಿಂತ.

“ಮುಂದೆ?”

“ನಾನು ಬರಲ್ಲವಲ್ಲ. ‘ಬರ್ತೀನಿ’ ಅಂದರೆ ಸುಳ್ಳಾಗುತ್ತೆ.”

“ಬೆಳಗ್ಗೆ ಊಟದ್ದು ಒಂದು ಹೇಳಿದೀಯ. ಇದು ಇನ್ನೊಂದು.”

“ಅದು ನಿಮಗೆ ಹೇಳಿದ ಸುಳ್ಳು. ಕಾಡಿಗೆ ಹೇಳೋಕಾಗಲ್ಲ.”

“ಹಂಗಾದರೆ ‘ಹೋಗ್ತೀನಿ’ ಅನ್ನು. ಮುಗೀತು.”

“ಹಂಗೆ ಯಾರಾದರೂ ಅಂತಾರಾ ಅಜ್ಜಯ್ಯ?”

ಅಜ್ಜಯ್ಯ ಕೋಲಿನ ಮೇಲೆ ಗದ್ದ ಇಟ್ಟು ನಿಂತರು.

ಹಾಲಪ್ಪನ ಕೈ ಗಡಿಕಲ್ಲಿನ ಮೇಲೇ ಇತ್ತು. ಅಂಗೈ ಊರಿ ಊರಿ ಕಲ್ಲು ಅಲ್ಲಿ ನುಣುಪಾಗಿತ್ತು. ಎಷ್ಟು ಜನರ ಕೈಯೋ. ಅವಳ ಕೈಯೂ.

“ಅವಳು ಏನೂ ಹೇಳದೆ ಹೋದಳು,” ಅಂದ.



ಬಿಸಿಲು ಹಳ್ಳದ ನೀರಿಗೆ ಇಳಿಯಿತು. ಒಳಗೆಲ್ಲೋ ಮರಕುಟಿಗ ಕುಟ್ಟುತ್ತಿತ್ತು. ನಿಲ್ಲಿಸಿತು. ಮತ್ತೆ ಕುಟ್ಟಿತು.

ಹಾಲಪ್ಪ ಬಗ್ಗಿ ಕಲ್ಲನ್ನು ಎತ್ತಿಕೊಂಡ. ಊರ ಕಡೆ ತಿರುಗಲಿಲ್ಲ. ಕಾಡಿನ ಕಡೆ ತಿರುಗಿದ.

“ಇನ್ನೊಂದು ಸಲ ನಡೆಸ್ತೀಯಲ್ಲೋ ಈ ಮುದುಕನ್ನ,” ಅಂದರು ಅಜ್ಜಯ್ಯ. ಆದರೂ ಹಿಂದೆ ನಡೆದರು.

ಮತ್ತಿಮರದ ಬುಡದಲ್ಲಿ ಕುಳಿ ಹಾಗೇ ಇತ್ತು. ಇರುವೆಗಳು ಆಗಲೇ ಮಣ್ಣು ಸರಿಸತೊಡಗಿದ್ದವು. ಹಾಲಪ್ಪ ಕಲ್ಲನ್ನು ಮೆಲ್ಲಗೆ ಇಳಿಸಿದ. ಕೈಯಿಂದ ಒತ್ತಿದ. ಕಲ್ಲು ಆ ಕಡೆ ಈ ಕಡೆ ವಾಲಿತು. ಒಂದು ಚೂರು ಕಲ್ಲು ಅಡಿಯಲ್ಲಿ ಒತ್ತು ಕೊಟ್ಟು ನೋಡಿದ. ತೆಗೆದು ಇನ್ನೊಂದು ಕೊಟ್ಟ. ಆಗಲೂ ವಾಲಿತು.

“ಕೆಡಿಸಿಬಿಟ್ಟೆ ಅಜ್ಜಯ್ಯ. ಮೊದಲಿನ ಹಾಗೆ ಕೂರ್ತಿಲ್ಲ.”

“ಮೊದಮೊದಲು ಹೆಂಗಿತ್ತು?”

ಹಾಲಪ್ಪ ನೆನೆಸಿಕೊಂಡ. ಮುಖ ಸ್ವಲ್ಪ ಸಡಿಲಾಯಿತು.

“ಅವಳು ಮೊದಲ ಸಲ ಕೂತಾಗಲೂ ವಾಲಾಡ್ತಿತ್ತು. ‘ಏನ್ರೀ, ಕಾಡು ತೋರಿಸ್ತೀನಿ ಅಂದು ಉಯ್ಯಾಲೆ ಆಡಿಸ್ತೀರಾ’ ಅಂದಿದ್ದಳು.”

“ಆಮೇಲೆ ಯಾರು ಸರಿ ಮಾಡಿದರು?”

“ಯಾರೂ ಇಲ್ಲ.”

ಅಜ್ಜಯ್ಯ ಕೋಲಿನ ತುದಿಯಿಂದ ಕಲ್ಲನ್ನು ತಟ್ಟಿದರು.

“ನೀನು ಕೂರು. ಅದೂ ಕೂರುತ್ತೆ.”